ವೇಷವೂ ಉಡುಗೆಯೂ

ಉಡುಗೆಯ ವಿಷಯದಲ್ಲಿ ನಮ್ಮ ಗಾದೆಗಳಿಗೇ ಒಮ್ಮತವಿಲ್ಲ. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎನ್ನುತ್ತದೆ ಒಂದು; ‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ’ ಎಂದು ಹಂಗಿಸುತ್ತದೆ ಇನ್ನೊಂದು. ನಾಲ್ಕು ಜನರ ಕಣ್ಣಿಗೆ ಒಪ್ಪುವಂತೆ ಇರು ಎಂಬುದು ಮೊದಲನೆಯದರ ಉಪದೇಶ. ಹಾಗೆ ಒಪ್ಪವಾಗಿ ನಿಂತವನ ಹೊಟ್ಟೆಯನ್ನು ತಡವಿ ನೋಡುವುದು ಎರಡನೆಯದರ ಕೆಲಸ. ನಮ್ಮ ಸೀಮೆಯ ಗಂಡಸರ ಮಟ್ಟಿಗೆ ಗೆದ್ದಿರುವುದು ಎರಡನೆಯ ಗಾದೆಯೇ. ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಬಿದ್ದವನಿಗೆ ಕಾದಿರುವ ಮಾತು ಒಂದೇ: ‘ಶೋಕಿ’.

ಈ ಮಾತಿನ ಪಾಪದಲ್ಲಿ ನನಗೂ ಪಾಲಿದೆ. ಹಲವು ವರ್ಷಗಳ ಹಿಂದೆ, ಹುನಗುಂದದ ಕಡೆಯ ಹಳ್ಳಿಯಿಂದ ಬರುತ್ತಿದ್ದ ವಿದ್ಯಾರ್ಥಿಯೊಬ್ಬ, ಯಾವಾಗಲೂ ಹಿಂದಿನ ಬೆಂಚಿನವನು, ಅಂದು ಅಳತೆ ಕೊಟ್ಟು ಹೊಲಿಸಿದ ಹೊಸ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕುಳಿತಿದ್ದ. “ಏನಪಾ, ಇವತ್ತ ಯಾರ ಮದುವಿ ಐತಿ?” ಎಂದೆ. ತರಗತಿ ನಕ್ಕಿತು. “ಮದುವಿ ಇಲ್ಲರೀ ಸರ್, ಇವತ್ತ ನಾ ಪ್ರಬಂಧ ಓದಾಂವ ಅದೀನಿ” ಎಂದ. ಓದಿದ, ಆದರೆ ಧ್ವನಿ ಎರಡನೆಯ ಸಾಲಿಗೂ ಮುಟ್ಟಲಿಲ್ಲ. ಮರುದಿನ ಹಳೆಯ ಅಂಗಿಯಲ್ಲಿ ಹಿಂದಿನ ಬೆಂಚಿಗೆ ಮರಳಿದ.

ಆ ವಾರ ನಾನು ಪಾಠ ಹೇಳುತ್ತಿದ್ದುದು ವಚನಗಳಲ್ಲಿ ಬರುವ ವೇಷದ ಖಂಡನೆಯನ್ನು. ನನ್ನ ನಗೆಗೂ ಆ ಪಾಠಕ್ಕೂ ಹೊಂದಿಕೆಯಿದೆ ಎಂದೇ ಆಗ ತಿಳಿದಿದ್ದೆ. ಅದು ತಪ್ಪು ಓದು ಎಂದು ಹೇಳುವುದಕ್ಕಾಗಿಯೇ ಈ ಲೇಖನ.

ಕೂಡಲಸಂಗಮ ನಮಗೆ ದೂರದ ಊರಲ್ಲ. ಆದರೂ ಶರಣರು ಖಂಡಿಸಿದ್ದೇನು ಎಂಬುದನ್ನು ನಾವು ನೆಟ್ಟಗೆ ಕೇಳಿಕೊಂಡಿಲ್ಲ. ಅವರು ತೆಗಳಿದ್ದು ನಡತೆಯಿಲ್ಲದ ಲಾಂಛನವನ್ನು, ಒಳಗೆ ಇಲ್ಲದ್ದನ್ನು ಹೊರಗೆ ಉಂಟೆಂದು ತೋರುವ ಸುಳ್ಳನ್ನು. ಬಟ್ಟೆಯಾದರೋ ಅವರಿಗೆ ಕಾಯಕ. ನೇಯುವವನು ಜೇಡರ ದಾಸಿಮಯ್ಯ, ಹೊಲಿಯುವವನು ಸೂಜಿಕಾಯಕದ ರಾಮಿತಂದೆ, ಒಗೆಯುವವನು ಮಡಿವಾಳ ಮಾಚಯ್ಯ, ಕಾಲ್ಮರಿ ಮಾಡುವವನು ಹರಳಯ್ಯ. ಗಂಡಸು ಹೊಸ್ತಿಲು ದಾಟುವ ಮುನ್ನ ಅವನ ಮೈಮೇಲೆ ಬರುವುದೆಲ್ಲ ಈ ನಾಲ್ವರ ಕೈಯಿಂದ ಬಂದಂತಾಯಿತು. ಇಂಥ ಪರಂಪರೆಯ ಹೆಸರಿನಲ್ಲಿ ಒಗೆದ ಅಂಗಿಯನ್ನು ಹಾಸ್ಯ ಮಾಡುವುದು ಹೇಗೆ?

ಅಕ್ಕಮಹಾದೇವಿ ಉಡುಗೆಯನ್ನೇ ತೊರೆದಳಲ್ಲ ಎಂದು ವಾಚಕರು ಕೇಳಬಹುದು. ತೊರೆಯುವುದು ಬೇರೆ, ಅಲಕ್ಷಿಸುವುದು ಬೇರೆ. 1921ರಲ್ಲಿ ಮಧುರೆಯಲ್ಲಿ ಗಾಂಧೀಜಿ ಮೊಣಕಾಲ ಮೇಲಿನ ತುಂಡುಬಟ್ಟೆಗೆ ಇಳಿದರು. ಅಂಬೇಡ್ಕರರು ಸೂಟು ಧರಿಸಿ ಸಭೆಗಳಲ್ಲಿ ನಿಂತರು. ಎರಡು ಉಡುಗೆಗಳೂ ತೀರ ವಿರುದ್ಧ. ಆದರೆ ಎರಡೂ ವಿಚಾರ ಮಾಡಿ ತೊಟ್ಟವು. ‘ಸರಳತೆ’ ಎಂದು ನಾವು ಕೊಂಡಾಡುವುದು ಅನೇಕ ಸಲ ವಿಚಾರವನ್ನೇ ಮಾಡದಿರುವುದಕ್ಕೆ ಇಟ್ಟ ಒಳ್ಳೆಯ ಹೆಸರು.

ನಮ್ಮ ಗಂಡಸಿಗೆ ಬಟ್ಟೆಯ ಕಣ್ಣಿಲ್ಲ ಎನ್ನುವಂತೆಯೂ ಇಲ್ಲ. ಇಳಕಲ್ಲಿನ ಅಂಗಡಿಯಲ್ಲಿ ಮನೆಯಾಕೆಗೆ ಸೀರೆ ಕೊಳ್ಳುವವನನ್ನು ನೋಡಿರಿ. ದಡಿ ಗೋಮಿಯೋ ಪರಾಸಪೇಟಿಯೋ ಎಂದು ವಿಚಾರಿಸುತ್ತಾನೆ. ಕೆಂಪು ಸೆರಗಿನ ಬಿಳಿಯ ತೆನೆಗಳನ್ನು ಬೆಳಕಿಗೆ ಹಿಡಿಯುತ್ತಾನೆ. ಸೆರಗಿನ ಹಾಸು ಒಡಲಿನ ಹಾಸಿಗೆ ಕೂಡುವಲ್ಲಿ ಬೆರಳಾಡಿಸುತ್ತಾನೆ. ಗುಳೇದಗುಡ್ಡದ ಖಣಕ್ಕೂ ಅದೇ ಜಾಣ್ಮೆ. ತನ್ನ ಅಂಗಿಯ ಸರದಿ ಬಂದಾಗ ಮಾತ್ರ “ಯಾವುದಾರೆ ಒಂದ ಕೊಡ್ರಿ” ಎನ್ನುತ್ತಾನೆ. ಕೊರತೆಯಿರುವುದು ಕಣ್ಣಿನದಲ್ಲ, ಆ ಕಣ್ಣನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುವ ಧೈರ್ಯದ್ದು.

ನಮ್ಮ ಅಜ್ಜಂದಿರಿಗೆ ಈ ಸಂಕೋಚವಿರಲಿಲ್ಲ. ಬಾದಾಮಿಯ ಮೂರನೆಯ ಗುಹೆಯಲ್ಲಿ, ಕ್ರಿ.ಶ. 578ರ ಶಾಸನವಿರುವಲ್ಲಿ, ಪುರುಷಮೂರ್ತಿಗಳ ನಡುವಿಗೆ ಬಿಗಿದ ಬಟ್ಟೆಯನ್ನು ಕಂಡವರು ಬಲ್ಲರು: ಉಡುವುದೂ ಒಂದು ಕೈಚಳಕವೆಂದೇ ಶಿಲ್ಪಿ ಭಾವಿಸಿದ್ದ. ದೋತರದ ಕಚ್ಚೆ, ಪಟಗದ ಸುತ್ತು, ಹೆಗಲಿನ ವಲ್ಲಿ, ಇವನ್ನು ನಿತ್ಯ ಬೆಳಗ್ಗೆ ತೊಡುವವನೇ ತನ್ನ ಮೈಗೆ ಹೊಂದಿಸಿಕೊಳ್ಳಬೇಕಾಗಿತ್ತು. ಸಿದ್ಧ ಅಂಗಿ ಬಂದ ಮೇಲೆ ಹೊಂದಿಸುವವರು ಯಾರೂ ಇಲ್ಲದಾದರು. ಅಂಗಿ ಯಾರದೋ ಮೈಯದು; ಒಳಗಿರುವವನು ಅದರಲ್ಲಿ ಬಾಡಿಗೆಗಿದ್ದಾನೆ.

ಹನ್ನೊಂದನೆಯ ಶತಮಾನದ ಕ್ಷೇಮೇಂದ್ರ ಕಾವ್ಯದ ಔಚಿತ್ಯವನ್ನು ತಿಳಿಸುವಾಗ, ಎಡೆತಪ್ಪಿ ತೊಟ್ಟ ಒಡವೆಯ ದೃಷ್ಟಾಂತವನ್ನೇ ಕೊಟ್ಟ. ಕಾವ್ಯಕ್ಕೆ ಸಲ್ಲುವ ಈ ಮಾತು ಅಂಗಿಗೂ ಸಲ್ಲುತ್ತದೆ. ಹೆಗಲಿನ ಹೊಲಿಗೆ ಹೆಗಲ ಮೇಲೆ ಕೂಡ್ರಲಿ, ತೋಳು ಮಣಿಕಟ್ಟಿಗೆ ನಿಲ್ಲಲಿ. ಇರುವವು ಎರಡೇ ಅಂಗಿಯಾದರೂ ಬಿಡಿಯಿಲ್ಲದ ಗುಂಡಿ ಹಚ್ಚಿ, ಒಗೆದು, ಮಡಿಸಿ ಇಟ್ಟವಾಗಿರಲಿ. ದೊಗಳೆಯಾದುದನ್ನು ಬಿಗಿ ಮಾಡಿಸಲು ಬಾಗಲಕೋಟೆಯ ಪೇಟೆಯಲ್ಲಿ ಸಿಂಪಿಗರಿದ್ದಾರೆ. ಸಾಲ ಮಾಡಿ ಎದೆಯ ಮೇಲೆ ಕಂಪನಿಯ ಗುರುತು ಮೆರೆಸುವುದು ಬೇರೆ ಮಾತು. ಶರಣರು ಕಂಡಿದ್ದರೆ ಅದನ್ನೇ ವೇಷವೆನ್ನುತ್ತಿದ್ದರು. ಮೈಗೆ ಒಪ್ಪಿದ ಉಡುಗೆಯನ್ನು ತೊಟ್ಟವನು ಅರೆಗಳಿಗೆಯಲ್ಲಿ ಮರೆಯುತ್ತಾನೆ. ಮರೆತಾಗಲೇ ಎದುರಿನವರ ಮುಖ ನೋಡಿ ಮಾತಾಡಬಲ್ಲ. ಆತ್ಮವಿಶ್ವಾಸವೆಂಬುದು ಇಷ್ಟೇ.

ಆ ಹುಡುಗನಿಗೆ ನಾನು ಕೊಡಬೇಕಾಗಿದ್ದ ಮಾತು ಅಂದು ಕೊಡದೇ ಉಳಿಯಿತು. ಈಗ ಹೊಸ ಅಂಗಿ ತೊಟ್ಟು ಬಂದವನನ್ನು “ಚಲೋ ಒಪ್ಪೈತಿ, ಯಾರ ಹೊಲಿದಾರ?” ಎಂದು ಕೇಳುತ್ತೇನೆ. ಅವನು ಸಿಂಪಿಗನ ಹೆಸರು ಹೇಳುತ್ತಾನೆ. ಎಷ್ಟೋ ಸಲ, ಆ ತಾಸಿನಲ್ಲಿ ಪಾಠದ ಮೇಲೆ ಮೊದಲ ಪ್ರಶ್ನೆಯೂ ಅವನದೇ ಆಗಿರುತ್ತದೆ.