ಬೃಹನ್ನಳೆಯೂ ಶಿಖಂಡಿಯೂ

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ರಸಿಕರಲ್ಲಿ ಭಾರತವಾಚನವೆಂದರೆ ವಿರಾಟಪರ್ವಕ್ಕೆ ವಿಶೇಷವಾದ ಆದರವುಂಟು. ಮಳೆ ಬಾರದ ವರ್ಷ ನಮ್ಮ ಹಳ್ಳಿಗಳಲ್ಲಿ ಓದಿಸುತ್ತಿದ್ದ ಪರ್ವವೂ ಇದೇ. ಗಮಕಿಯು ಉತ್ತರಕುಮಾರನ ಪೌರುಷದ ಮಾತುಗಳನ್ನು ಹಾಡುವಾಗ ನಗದ ಶ್ರೋತೃವಿಲ್ಲ. ಬೃಹನ್ನಳೆಯು ರಥದ ವಾಘೆಯನ್ನು ಹಿಡಿದಾಗ ಹಿಗ್ಗದವರೂ ಇಲ್ಲ. ಆದರೆ ಅದೇ ಸಭೆಯಲ್ಲಿ ಭೀಷ್ಮಪರ್ವವನ್ನು ಓದುವಾಗ ಶಿಖಂಡಿಯ ಹೆಸರು ಬಂದರೆ ಕೇಳುವವರ ಮುಖಭಾವವೇ ಬೇರೆಯಾಗುತ್ತದೆ. ಆ ಹೆಸರು ಕನ್ನಡದ ಆಡುಮಾತಿನಲ್ಲಿ ಬಯ್ಗುಳವೇ ಆಗಿಹೋಗಿದೆ. ಹೆಣ್ಣು ಗಂಡೆಂಬ ಎರಡೇ ಎಣಿಕೆಗೆ ಒಳಪಡದ ಇಬ್ಬರು ಯೋಧರಲ್ಲಿ ಒಬ್ಬರಿಗೆ ಮನ್ನಣೆಯೂ ಇನ್ನೊಬ್ಬರಿಗೆ ತಿರಸ್ಕಾರವೂ ಸಂದುದು ಏತಕ್ಕೆಂಬುದು ವಿಚಾರಾರ್ಹವಾದ ವಿಷಯ.

ವಿರಾಟಪರ್ವವನ್ನೇ ಮೊದಲು ನೋಡಬಹುದು. ಊರ್ವಶಿಯ ಶಾಪವು ಅರ್ಜುನನಿಗೆ ಅಜ್ಞಾತವಾಸದ ಒಂದು ವರ್ಷದಲ್ಲಿ ವರವಾಗಿ ಒದಗಿತು. ಅಂತಃಪುರದಲ್ಲಿ ಉತ್ತರೆಗೆ ನಾಟ್ಯ ಕಲಿಸುತ್ತಿದ್ದ ಬೃಹನ್ನಳೆಯಿಂದಲೇ ಗೋಗ್ರಹಣದ ದಿನ ಕುರುಸೇನೆಗೆ ಭಂಗವಾಯಿತು. ಆದರೆ ಯುದ್ಧಕ್ಕಿಂತಲೂ ಹೆಚ್ಚಾಗಿ ಗಮನಿಸಬೇಕಾದುದು ಅದರ ತರುವಾಯ ಅರಮನೆಯಲ್ಲಿ ನಡೆದ ಸಂಗತಿ. ಮಗನೇ ಗೆದ್ದನೆಂದು ವಿರಾಟನು ಹಿಗ್ಗುತ್ತಿರಲು, ಬೃಹನ್ನಳೆ ಸಾರಥಿಯಾಗಿರುವಾಗ ಗೆಲವಿಗೇನು ಕೊರತೆಯೆಂದು ಕಂಕನು ನುಡಿಯುತ್ತಾನೆ. ಷಂಡನೊಬ್ಬನನ್ನು ತನ್ನ ಮಗನ ಸಮಕ್ಕೆ ತಂದನೆಂದು ಕೋಪಗೊಂಡ ಅರಸನು ಕೈಯಲ್ಲಿದ್ದ ದಾಳದಿಂದ ಕಂಕನ ಮುಖಕ್ಕೆ ಹೊಡೆದು ನೆತ್ತರು ಬರಿಸುತ್ತಾನೆ. ಕಾರ್ಯವು ಯಾರಿಂದಾಯಿತೆಂಬುದಕ್ಕಿಂತ ಕೀರ್ತಿಯು ಯಾರಿಗೆ ಸಲ್ಲತಕ್ಕದ್ದೆಂಬುದೇ ಅವನಿಗೆ ದೊಡ್ಡದು. ಬಳಿಕ ಬೃಹನ್ನಳೆಯೇ ಅರ್ಜುನನೆಂದು ತಿಳಿದಾಗ ಅದೇ ಅರಸನು ಮಗಳನ್ನು ಕೊಡಲು ಮುಂದಾಗುತ್ತಾನೆ. ಈ ಗೌರವವು ವೇಷ ಕಳಚಿದ ಮೇಲೆ ಬಂದುದು. ವೇಷದಲ್ಲಿದ್ದಾಗ ದೊರೆತುದು ದಾಳದ ಪೆಟ್ಟು ಮಾತ್ರ.

ಶಿಖಂಡಿಗಾದರೋ ಕಳಚಲು ವೇಷವೇ ಇಲ್ಲ. ವ್ಯಾಸಭಾರತದ ಉದ್ಯೋಗಪರ್ವದಂತೆ ದ್ರುಪದನ ಮಗಳಾಗಿ ಹುಟ್ಟಿ, ಮಗನಾಗಿ ಬೆಳೆದು, ಸ್ಥೂಣಾಕರ್ಣನೆಂಬ ಯಕ್ಷನಿಂದ ಪುರುಷತ್ವವನ್ನು ಪಡೆದ ಶಿಖಂಡಿಯು ಕಡೆಯವರೆಗೂ ಹಾಗೆಯೇ ಬಾಳಿದವನು. ಪಾಂಡವರು ಸೇನಾಪತಿಯನ್ನು ಆರಿಸುವಾಗ ಭೀಮಸೇನನು ಸೂಚಿಸುವುದು ಈತನ ಹೆಸರನ್ನೇ. ಎರಡು ಪಕ್ಷಗಳ ರಥಿಕರನ್ನು ಎಣಿಸುವ ಭೀಷ್ಮನೂ ಶಿಖಂಡಿಯನ್ನು ಮುಖ್ಯ ರಥಿಕರಲ್ಲಿ ಸೇರಿಸುತ್ತಾನೆ. ಆದರೂ ಮೊದಲು ಹೆಣ್ಣಾಗಿದ್ದವನೊಡನೆ ತಾನು ಕಾದುವುದಿಲ್ಲವೆನ್ನುತ್ತಾನೆ. ಯೋಗ್ಯತೆಯನ್ನು ಒಪ್ಪಿಕೊಂಡೂ ಕಣದಲ್ಲಿ ಸ್ಥಾನ ಕೊಡದಿರುವ ನಿಲುವು ಇದು.

ಶಿಖಂಡಿಯು ಅರ್ಜುನನಿಗೆ ಮರೆಯಾಗಿ ನಿಂತವನಲ್ಲದೆ ಸ್ವಂತ ಪರಾಕ್ರಮವುಳ್ಳವನಲ್ಲವೆಂದು ಕೆಲವರು ಆಕ್ಷೇಪಿಸಬಹುದು. ಮರೆಯಾದುದು ನಿಜ. ಆದರೆ ಮರೆಗೆ ಕಾರಣವಾದುದು ಭೀಷ್ಮನ ವ್ರತವೇ ಹೊರತು ಶಿಖಂಡಿಯ ದೌರ್ಬಲ್ಯವಲ್ಲ. ಸೌಪ್ತಿಕಪರ್ವದ ಇರುಳಿನಲ್ಲಿ ಶಿಬಿರದ ಅನೇಕರು ನಿದ್ದೆಯಲ್ಲಿಯೇ ಹತರಾದಾಗ ಎಚ್ಚೆತ್ತು, ಬಿಲ್ಲು ಹಿಡಿದು, ಅಶ್ವತ್ಥಾಮನನ್ನು ಇದಿರಿಸಿ ಮಡಿದವರಲ್ಲಿ ಶಿಖಂಡಿಯೂ ಒಬ್ಬ. ಇಂಥವನ ಹೆಸರನ್ನು ಹೇಡಿತನಕ್ಕೆ ಪರ್ಯಾಯಪದವಾಗಿ ಬಳಸುವುದು ಕಾವ್ಯವನ್ನು ಓದದವರ ರೂಢಿಯಾಗಬಹುದೇ ವಿನಾ ಓದಿದವರಿಗೆ ತಕ್ಕುದಲ್ಲ.

ತಾತ್ಕಾಲಿಕವಾದ ರೂಪಾಂತರಕ್ಕೆ ನಮ್ಮ ಜನರು ಗೌರವವನ್ನು ತೋರದೆ ಇಲ್ಲ. ಚೈತ್ರ ಪೂರ್ಣಿಮೆಯ ರಾತ್ರಿ ನಗರ್ತಪೇಟೆಯ ಧರ್ಮರಾಯನ ಗುಡಿಯಿಂದ ಸ್ತ್ರೀವೇಷದ ಅರ್ಚಕರು ಕರಗವನ್ನು ಹೊತ್ತು ಹೊರಟಾಗ, ಬಿಚ್ಚುಗತ್ತಿ ಹಿಡಿದ ವೀರಕುಮಾರರು ಸುತ್ತುವರಿದು ಕಾಯುತ್ತಾರೆ; ಪೇಟೆಯ ಜನವೆಲ್ಲ ಕೈಮುಗಿಯುತ್ತದೆ. ಬೃಹನ್ನಳೆಯದು ಒಂದು ವರ್ಷ, ಕರಗದ್ದು ಕೆಲವು ದಿನಗಳ ವ್ರತ. ಎರಡಕ್ಕೂ ಅವಧಿಯುಂಟು. ಅವಧಿಯಿಲ್ಲದ ಬಾಳಿಗೆ ಸ್ಥಾನವೆಲ್ಲಿ ಎಂಬುದೇ ಶಿಖಂಡಿಯು ಒಡ್ಡುವ ಪ್ರಶ್ನೆ.

ಈ ಪ್ರಶ್ನೆಯು ಕಾವ್ಯದಲ್ಲಿಯೇ ಉಳಿದಿಲ್ಲ. ಕರ್ನಾಟಕದಲ್ಲಿ 2011ನೆಯ ಇಸವಿಯಲ್ಲಿ ಪೊಲೀಸ್ ಕಾಯಿದೆಗೆ 36ಎ ಎಂಬ ಕಲಮನ್ನು ಸೇರಿಸಿ, ಹಿಜಡಾ ಸಮುದಾಯದವರ ಹೆಸರುಗಳನ್ನು ಪಟ್ಟಿಮಾಡಿ ಅವರ ಮೇಲೆ ಕಣ್ಣಿಡುವ ಅಧಿಕಾರವನ್ನು ಕೊಡಲಾಯಿತು. 1871ರ ಬ್ರಿಟಿಷ್ ಶಾಸನದ ನೆರಳು ಇದರ ಮೇಲೆ ಬಿದ್ದಿತ್ತು. ನ್ಯಾಯಾಲಯದಲ್ಲಿ ಪ್ರಶ್ನೆಯೆದ್ದ ಮೇಲೆ 2016ರಲ್ಲಿ ಅದರ ಪದಗಳು ಬದಲಾದವು. 2021ರಲ್ಲಿ ಸರ್ಕಾರಿ ನೇಮಕದ ನಿಯಮಗಳನ್ನು ತಿದ್ದಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡ 1ರಷ್ಟು ಸ್ಥಾನವನ್ನು ಮೀಸಲಿಟ್ಟರು. ಇಂಥ ಕ್ರಮವನ್ನು ಕೈಕೊಂಡ ರಾಜ್ಯಗಳಲ್ಲಿ ಕರ್ನಾಟಕವೇ ಮೊದಲನೆಯದು. 2022ರಲ್ಲಿ ಸಶಸ್ತ್ರ ಪೊಲೀಸ್ ಕಾನ್‌ಸ್ಟೇಬಲ್ಲುಗಳ 3,484 ಸ್ಥಾನಗಳಿಗೆ ಅರ್ಜಿ ಕರೆದಾಗ 79 ಸ್ಥಾನಗಳು ಇವರಿಗೆ ಮೀಸಲಾದುವು. ಯಾರನ್ನು ಕಾಯಬೇಕೆಂದು ಪೊಲೀಸರಿಗೆ ವಿಧಿಸಲಾಗಿತ್ತೋ ಅವರಿಗೇ ಹನ್ನೊಂದು ವರ್ಷಗಳಲ್ಲಿ ಸಮವಸ್ತ್ರದ ಹಾದಿ ತೆರೆಯಿತು.

ದೇಶದ ಸೈನ್ಯದಲ್ಲಿ ಸ್ಥಿತಿಯು ಹೀಗಿಲ್ಲ. ಪುರುಷನೆಂದು ಸೇರಿ ಬಳಿಕ ಶಸ್ತ್ರಚಿಕಿತ್ಸೆಯಿಂದ ಸ್ತ್ರೀಯಾದ ನಾವಿಕರೊಬ್ಬರನ್ನು 2017ರಲ್ಲಿ ನೌಕಾದಳವು ಕೆಲಸದಿಂದ ತೆಗೆದುಹಾಕಿತು. ಬದಲಾದ ಲಿಂಗಸ್ಥಿತಿಯಲ್ಲಿ ಮುಂದುವರಿಯಲು ನಿಯಮವಿಲ್ಲವೆಂಬುದೇ ಕಾರಣ. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ವಯಸ್ಕರ ಸಲಿಂಗಾನುರಾಗವನ್ನು ಅಪರಾಧಗಳ ಸಾಲಿನಿಂದ ಬಿಡಿಸಿತಾದರೂ, 2019ರ ಜನವರಿಯಲ್ಲಿ ಅಂದಿನ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಬಿಪಿನ್ ರಾವತರು ಸೈನ್ಯದಲ್ಲಿ ಅದಕ್ಕೆ ಅವಕಾಶವಿಲ್ಲವೆಂದರು.

ಶಿಸ್ತು ಕೆಡುವುದೆಂಬ ಭಯವನ್ನು ಅಲ್ಲಗಳೆಯುವಂತಿಲ್ಲ. ಸೈನ್ಯಕ್ಕೆ ಶಿಸ್ತೇ ಪ್ರಾಣ. ಆದರೆ ಬ್ರಿಟನ್ನು 2000ದಲ್ಲಿ ಸಲಿಂಗಾನುರಾಗಿಗಳ ಮೇಲಿದ್ದ ನಿಷೇಧವನ್ನು ತೆಗೆಯಿತು. ಅಲ್ಲಿನ ಸೇನೆ ಅದರಿಂದ ಚದರಿಹೋಗಲಿಲ್ಲ. ಅಮೆರಿಕವು 2011ರಲ್ಲಿ ಅದೇ ದಾರಿಯನ್ನು ಹಿಡಿಯಿತು. ಲಿಂಗಪರಿವರ್ತಿತರ ವಿಷಯದಲ್ಲಾದರೋ 2016ರಲ್ಲಿ ಬಾಗಿಲನ್ನು ತೆರೆದು, 2019ರಲ್ಲಿ ಮುಚ್ಚಿ, 2021ರಲ್ಲಿ ಮತ್ತೆ ತೆರೆದು, 2025ರಲ್ಲಿ ಪುನಃ ಮುಚ್ಚಿತು. ಹೀಗೆ ತೆರೆದು ಮುಚ್ಚಿದುದಕ್ಕೆ ಕಾರಣ ಅಧ್ಯಕ್ಷರು ಬದಲಾದುದೇ ಹೊರತು ಸೈನಿಕರ ಯೋಗ್ಯತೆ ಬದಲಾದುದಲ್ಲ. ಯೋಗ್ಯತೆಯ ಅಳತೆಗೋಲು ಬೇರೆ, ಅಂಗೀಕಾರದ ಅಳತೆಗೋಲು ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ಶಾಸನವನ್ನು ತಿದ್ದುವುದು ಕಾವ್ಯವಿಮರ್ಶೆಯ ಕೆಲಸವಲ್ಲ. ಕಾವ್ಯದಲ್ಲಿರುವುದನ್ನು ಇದ್ದಂತೆ ತೋರಿಸುವುದು ಮಾತ್ರ ಅದರ ಕರ್ತವ್ಯ. ಭೀಮನು ಸೇನಾಪತ್ಯಕ್ಕೆ ಹೆಸರಿಸಿದ, ಭೀಷ್ಮನು ರಥಿಕರಲ್ಲಿ ಎಣಿಸಿದ ಯೋಧನೊಬ್ಬನು ಭಾರತದಲ್ಲಿದ್ದಾನೆಂಬುದನ್ನು ಶಾಲೆಯ ಪಾಠದಲ್ಲಿಯೂ ಗಮಕದ ವ್ಯಾಖ್ಯಾನದಲ್ಲಿಯೂ ಹೇಳುವಂತಾದರೆ ಮನೆಯ ಮಕ್ಕಳು ಆ ಹೆಸರನ್ನು ಬಯ್ಗುಳವಾಗಿ ಕಲಿಯಲಾರರು. ಕಂಕನ ಮುಖದ ನೆತ್ತರನ್ನು ಕೇಳಿ ಮರುಗುವ ಶ್ರೋತೃಗಳು, ಆ ದಾಳವನ್ನು ಬೀಸಿದ ಕೋಪವು ತಮ್ಮಲ್ಲಿಯೂ ಉಂಟೇ ಎಂದು ಒಮ್ಮೆ ನೋಡಿಕೊಳ್ಳುವುದು ಉಚಿತ.