ಕಾಯುವ ಮನೆ, ಕಾಯಿಸುವ ಕ್ರಮ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆ ಈಗ ಮಗನೋ ಮಗಳೋ ಹೊರದೇಶದಲ್ಲಿರುವ ಮನೆಗಳು ಅಪರೂಪವೇನಲ್ಲ. ಎಂಜಿನಿಯರಿಂಗ್ ಓದಿ ಬೆಂಗಳೂರು ಸೇರಿದವರು ಅಲ್ಲಿಂದ ಅಮೆರಿಕ, ಜರ್ಮನಿ, ಆಸ್ಟ್ರೇಲಿಯಾ ಎಂದು ಚದುರಿದ್ದಾರೆ. ಅವರಲ್ಲಿ ಮಕ್ಕಳಾಗದ ಕೆಲವರು ಆಸ್ಪತ್ರೆ ಸುತ್ತಿ ದಣಿದು, ಭಾರತದ ಮಗುವನ್ನು ದತ್ತು ಪಡೆಯಲು ಹೆಸರು ನೋಂದಾಯಿಸಿ ಕಾಯುತ್ತಾರೆ. ಊರಿನಲ್ಲಿರುವ ಅವರ ಹೆತ್ತವರೂ ಜೊತೆಗೇ ಕಾಯುತ್ತಾರೆ. ಸಂತೆಯಲ್ಲಿ, ಮದುವೆಮನೆಯಲ್ಲಿ, ಬಸ್ಸಿನಲ್ಲಿ ಸಿಕ್ಕವರೆಲ್ಲ ಕೇಳುವ ಮಾತು ಒಂದೇ: “ಏನಾತವಾ, ಕೂಸು ಯಾವಾಗ ಬರತೈತಿ?” ಅದಕ್ಕೆ ಮನೆಯಲ್ಲಿ ಯಾರ ಬಳಿಯೂ ಉತ್ತರವಿರುವುದಿಲ್ಲ. ಉತ್ತರ ಹೇಳಬೇಕಾದ ವ್ಯವಸ್ಥೆಯೂ ಬಾಯಿ ಬಿಡುವುದಿಲ್ಲ.

ದೇಶದಿಂದ ದೇಶಕ್ಕೆ ನಡೆಯುವ ದತ್ತಕದ ಈ ಕ್ರಮವನ್ನು ತೂಗಿ ನೋಡಬೇಕಾದ ಕಾಲ ಬಂದಿದೆ. ಅದರ ಕಟ್ಟುಪಾಡುಗಳ ಉದ್ದೇಶ ಒಳ್ಳೆಯದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಉದ್ದೇಶ ಒಳ್ಳೆಯದಿದ್ದ ಮಾತ್ರಕ್ಕೆ ನಡೆಯುವ ರೀತಿಯೂ ಒಳ್ಳೆಯದಾಗಿಬಿಡುವುದಿಲ್ಲ.

ದತ್ತಕಕ್ಕೆ ಸರ್ಕಾರದ ಒಪ್ಪಿಗೆ ಬೇಕೆಂಬ ಮಾತು ಈ ಸೀಮೆಗೆ ಹೊಸದಲ್ಲ. 1824ರಲ್ಲಿ ಕಿತ್ತೂರಿನ ಶಿವಲಿಂಗಪ್ಪನ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ರಾಣಿ ಚೆನ್ನಮ್ಮನ ಯುದ್ಧಕ್ಕೆ ಅದೇ ಕಾರಣವಾಯಿತು. ನರಗುಂದದ ಬಾಬಾಸಾಹೇಬನಿಗೂ ದತ್ತಕದ ಹಕ್ಕನ್ನು ನಿರಾಕರಿಸಲಾಯಿತು. 1858ರ ಅವನ ಬಂಡಾಯದ ಹಿಂದೆ ಆ ನೋವೂ ಇತ್ತು. ಅಂದಿನ ಜಗಳವೆಲ್ಲ ಸಂಸ್ಥಾನಕ್ಕಾಗಿ, ವಾರಸುದಾರನಿಗಾಗಿ. ದತ್ತಕ ಎಂದರೆ ಗಂಡುಮಗುವೇ ಆಗಬೇಕಿತ್ತು. ವಂಶ ಉಳಿಯಬೇಕು, ಪಿಂಡ ಇಡಲು ಕೈ ಬೇಕು, ಹೊಲಕ್ಕೆ ಹಕ್ಕುದಾರ ಬೇಕು. ಆ ಮಗುವಿಗೇನು ಬೇಕು ಎಂದು ಯಾರೂ ಕೇಳಲಿಲ್ಲ.

ಆ ಪ್ರಶ್ನೆಯನ್ನು ಕಾನೂನು ನಿಧಾನವಾಗಿ ಕೇಳಲು ಕಲಿತಿತು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಹೆಣ್ಣುಮಕ್ಕಳ ದತ್ತಕಕ್ಕೂ ದಾರಿ ತೆರೆಯಿತು. ಭಾರತದ ಮಕ್ಕಳನ್ನು ಹೊರದೇಶಕ್ಕೆ ಸಾಗಿಸುವಲ್ಲಿ ಅಕ್ರಮ ನಡೆಯುತ್ತಿದೆ ಎಂದು ವಕೀಲ ಲಕ್ಷ್ಮೀಕಾಂತ ಪಾಂಡೆ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯಾಗಿ ಕೈಗೆತ್ತಿಕೊಂಡಿತು. 1984ರಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ತೀರ್ಪು ಹೊರದೇಶದ ದತ್ತಕಕ್ಕೆ ಮೊದಲ ಗಟ್ಟಿ ಚೌಕಟ್ಟು ಹಾಕಿತು. 1990ರಲ್ಲಿ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ ಕಾರಾ, ಬಂತು. 2003ರಲ್ಲಿ ಭಾರತ ದೇಶ-ದೇಶಗಳ ನಡುವಿನ ದತ್ತಕದ ಹೇಗ್ ಒಡಂಬಡಿಕೆಯನ್ನು ಅನುಮೋದಿಸಿತು. 2015ರ ಬಾಲನ್ಯಾಯ ಕಾಯ್ದೆ ಇವೆಲ್ಲಕ್ಕೂ ಕಾನೂನಿನ ಬಲ ಕೊಟ್ಟಿತು.

ಈ ಕಾಯ್ದೆಯ ಪ್ರಕಾರ, ಅನಾಥ ಮಗುವನ್ನಾಗಲಿ ತೊರೆದ ಮಗುವನ್ನಾಗಲಿ ಮಕ್ಕಳ ಕಲ್ಯಾಣ ಸಮಿತಿ ದತ್ತುಮುಕ್ತ, ಅಂದರೆ ದತ್ತು ಕೊಡಲು ಕಾನೂನಿನ ಅಡ್ಡಿಯಿಲ್ಲ, ಎಂದು ಘೋಷಿಸಬೇಕು. ಆಮೇಲೆ ಮೊದಲ ಅವಕಾಶ ದೇಶದೊಳಗಿನ ಕುಟುಂಬಗಳಿಗೆ, ಅವರಿಗೆ ಸಮನಾಗಿ ಅನಿವಾಸಿ ಭಾರತೀಯರಿಗೆ. 60 ದಿನಗಳಲ್ಲಿ ಇವರಲ್ಲಿ ಯಾರೂ ಸಿಗದಿದ್ದರೆ ಮಾತ್ರ ವಿದೇಶಿಯರ ಸರದಿ. ಅಂಗವಿಕಲ ಮಕ್ಕಳು, ಒಟ್ಟಿಗೇ ಇರಬೇಕಾದ ಒಡಹುಟ್ಟಿದವರು, ಐದು ವರ್ಷ ದಾಟಿದವರು, ಇವರನ್ನು ಹೊರದೇಶಕ್ಕೆ ಕೊಡುವಾಗ ಆದ್ಯತೆ ಕೊಡಬಹುದು. ಹೋದ ಮೇಲೂ ಎರಡು ವರ್ಷ ಮಗುವಿನ ಯೋಗಕ್ಷೇಮದ ವರದಿ ಬರುತ್ತಿರಬೇಕು. ಮಗು ತನ್ನ ಮಣ್ಣು, ತನ್ನ ಮಾತಿನ ಹತ್ತಿರವೇ ಬೆಳೆಯಲಿ, ಅದು ಆಗದಿದ್ದಾಗ ಮಾತ್ರ ಕಡಲು ದಾಟಲಿ ಎಂಬ ಈ ಕ್ರಮ ಸರಿಯಾದದ್ದು. ಬಿಗಿ ಸಡಿಲಿಸಿದ ದೇಶಗಳಲ್ಲಿ ಏನಾಯಿತು ಎಂಬುದು ಈಗ ಜಗತ್ತಿಗೇ ಗೊತ್ತು. ಸುಳ್ಳು ಕಾಗದಗಳ ಮೇಲೆ ಮಕ್ಕಳನ್ನು ತರಿಸಿಕೊಂಡದ್ದು ಹೊರಬಿದ್ದ ಮೇಲೆ ನೆದರ್‌ಲ್ಯಾಂಡ್ಸ್ 2021ರಲ್ಲಿ ಹೊರದೇಶದ ದತ್ತಕವನ್ನೇ ತಡೆಹಿಡಿಯಿತು, 2024ರಲ್ಲಿ ಹಂತಹಂತವಾಗಿ ಕೈಬಿಡಲು ತೀರ್ಮಾನಿಸಿತು. ಹಾಗಾಗಿ ಕಾಗದ ಕೇಳುವುದು ತಪ್ಪು ಎಂದು ನಾನು ಹೇಳಲಾರೆ. ಕಾಗದ ಕೇಳುವ ರೀತಿಯಲ್ಲಿ ತಪ್ಪಿದೆ.

ನಮ್ಮ ಕಡೆಯ ಯಾವ ಮನೆಯ ಕಡತ ಬಿಚ್ಚಿದರೂ ಇದು ಕಾಣುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹುಡುಗಿಯ ಹೆಸರು, ಅಪ್ಪನ ಹೆಸರಿನ ಮೊದಲಕ್ಷರ, ಕೊನೆಗೆ ಅಡ್ಡಹೆಸರು. ಆಧಾರ್‌ನಲ್ಲಿ ಅಪ್ಪ ಹೋಗಿ ಗಂಡ ಬಂದಿದ್ದಾನೆ. ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರಿನ ಇಂಗ್ಲಿಷ್ ಕಾಗುಣಿತವೇ ಬೇರೆ. ತವರಿನ ಹಳ್ಳಿಯಲ್ಲಿ ಮನೆಯಲ್ಲೇ ಹೆರಿಗೆಯಾದದ್ದರಿಂದ ಜನನ ನೋಂದಣಿಯೇ ಆಗಿಲ್ಲ. ಮೂರು ಕಾಗದದಲ್ಲಿ ಮೂರು ಹೆಸರಿನ ಹೆಣ್ಣುಮಗಳು ಒಬ್ಬಳೇ ಎಂದು ತೋರಿಸಲು ಪ್ರಮಾಣಪತ್ರ, ನೋಟರಿ, ಮುದ್ರೆ ಎಂದು ಅವಳ ವಯಸ್ಸಾದ ಅಪ್ಪ ಊರಿಂದೂರಿಗೆ ಓಡಾಡಬೇಕು. ಇಲ್ಲಿ ಸಿದ್ಧವಾದ ಕಾಗದ ಅಲ್ಲಿಗೆ ತಲುಪುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತದೆ. ದತ್ತು ಪಡೆಯುವವರ ಮನೆಯ ಸ್ಥಿತಿ ನೋಡಿ ಬರೆಯುವ ಕುಟುಂಬ ಅಧ್ಯಯನ ವರದಿಗೆ ಮೂರು ವರ್ಷದ ಆಯುಷ್ಯ. ಆರೋಗ್ಯವಂತ ಹಸುಗೂಸಿಗಾಗಿ ಕಾಯುವ ಕಾಲ ಮೂರು ವರ್ಷ ದಾಟುತ್ತದೆ. ಅಂದರೆ ಮಗು ಬರುವ ಮೊದಲೇ ವರದಿ ಹಳತಾಗಿ, ಮನೆಯನ್ನು ಮತ್ತೆ ಅಳೆಯಬೇಕಾಗುತ್ತದೆ.

ಆ ಮೂರು ವರ್ಷ ಬದುಕೇನು ನಿಂತು ಕಾಯುವುದಿಲ್ಲ. ಬ್ಯಾಡಗಿಯನ್ನೇ ನೋಡಿ. 2024ರ ಮಾರ್ಚ್ 11ರ ಸೋಮವಾರ ಮೆಣಸಿನಕಾಯಿ ಧಾರಣೆ ಒಮ್ಮೆಲೇ ಕುಸಿದು, ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ಬೆಂಕಿಯಿಟ್ಟರು. ಅಂಥ ವರ್ಷ ಮೆಣಸಿನಕಾಯಿ ನಂಬಿದ ಮನೆಗೆ ಹೊರದೇಶದ ಮಗನೇ ಆಸರೆ. ದತ್ತಕದ ಖರ್ಚಿಗೆಂದು ಎತ್ತಿಟ್ಟ ದುಡ್ಡು ಬೀಜ-ಗೊಬ್ಬರದ ಸಾಲಕ್ಕೆ ಹೋಗುತ್ತದೆ. ಅವ್ವ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರೆ ಮಗಳು ರಜೆ ಹಾಕಿ ಓಡಿಬರಬೇಕು, ಮುಂದೆ ಮಗುವಿಗೆಂದು ಉಳಿಸಿದ್ದ ರಜೆ ಅಲ್ಲಿಗೆ ಮುಗಿಯುತ್ತದೆ. ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲಿರುವ ಅಳಿಯನ ಕೆಲಸ ಹೋದರೆ ಇನ್ನೊಂದು ಕೆಲಸ ಹುಡುಕಲು ಇರುವುದು ಹೆಚ್ಚೆಂದರೆ 60 ದಿನ. ಆದಾಯ ಬದಲಾಯಿತು, ವಿಳಾಸ ಬದಲಾಯಿತು ಎಂದರೆ ವರದಿಯೂ ಬದಲಾಗಬೇಕು. ಇವು ಯಾರ ಮನೆಗೂ ಬರುವ ಕಷ್ಟಗಳೇ. ಹೆತ್ತು ತಂದೆ-ತಾಯಿಯಾದವರನ್ನು ಇಂಥ ಕಷ್ಟ ಬಂತೆಂದು ಯಾರೂ ಅನರ್ಹರೆನ್ನುವುದಿಲ್ಲ. ಕಾಯುವವರು ಮಾತ್ರ ಪ್ರತಿ ತೊಂದರೆಯೂ ತಮ್ಮನ್ನು ಸಾಲಿನಿಂದ ಹೊರಹಾಕೀತೇನೋ ಎಂದು ಅಂಜುತ್ತ, ಇದ್ದ ಕಷ್ಟವನ್ನೂ ಬಚ್ಚಿಡುತ್ತಾರೆ. ಮನೆಯ ನಿಜಸ್ಥಿತಿ ತಿಳಿಯಲೆಂದೇ ಮಾಡಿದ ಕುಟುಂಬ ಅಧ್ಯಯನ ಮನೆಯವರಿಂದ ನಿಜವನ್ನೇ ಮುಚ್ಚಿಡಿಸಿದರೆ, ಅದು ತನ್ನ ಕೆಲಸದಲ್ಲಿ ಸೋತಂತೆ.

ಇದಕ್ಕಿಂತ ದೊಡ್ಡ ಕೊರತೆ ಎರಡು ದೇಶಗಳ ಕಾನೂನುಗಳ ನಡುವೆ ಇದೆ. ಅನಿವಾಸಿ ಭಾರತೀಯರು ದೇಶವಾಸಿಗಳಿಗೆ ಸಮ ಎಂದು ನಮ್ಮ ನಿಯಮ ಹೇಳುತ್ತದೆ. ಆದರೆ ಅಮೆರಿಕದಲ್ಲಿ ಹೇಗ್ ಒಡಂಬಡಿಕೆಯ ದಾರಿಯಲ್ಲಿ ದತ್ತು ಮಗುವನ್ನು ಕರೆಸಿಕೊಳ್ಳಲು ಅರ್ಜಿದಾರರು ಆ ದೇಶದ ಪೌರರೇ ಆಗಿರಬೇಕು. ಕೆಲಸದ ವೀಸಾದ ಮೇಲಿರುವವರಿಗೆ ಆ ದಾರಿ ಇಲ್ಲ. ಅವರ ದತ್ತು ಮಗು ಅಲ್ಲಿನ ವಲಸೆ ಕಾನೂನಿನ ಕಣ್ಣಿಗೆ ‘ಮಗು’ ಎನಿಸಿಕೊಳ್ಳಬೇಕಾದರೆ, ಸಾಮಾನ್ಯವಾಗಿ ಎರಡು ವರ್ಷ ಅವರ ಸುಪರ್ದಿಯಲ್ಲಿ ಅವರ ಜೊತೆಗೇ ಬಾಳಿರಬೇಕು. ಇದರ ಫಲ ಏನೆಂದರೆ, ರಾಣೇಬೆನ್ನೂರಿನ ತವರುಮನೆಯಲ್ಲಿ ತಾಯಿ ಮಗುವಿನೊಂದಿಗೆ ಎರಡು ವರ್ಷ, ಗಂಡ ಕಡಲಾಚೆ. ಅಜ್ಜ-ಅಜ್ಜಿಗೆ ಮೊಮ್ಮಗು ಸಿಕ್ಕಿತೆಂಬ ಸಂತೋಷ ನಿಜ. ಆದರೆ ಅನಾಥಾಲಯದಿಂದ ಬಂದ ಮಗುವಿಗೆ ಮೊದಲ ಎರಡು ವರ್ಷ ಅಪ್ಪ ಎಂದರೆ ಫೋನಿನ ಪರದೆಯ ಮೇಲಿನ ಮುಖ. ಎರಡೂ ದೇಶಗಳು ಹೇಗ್ ಒಡಂಬಡಿಕೆಗೆ ಸಹಿ ಹಾಕಿವೆ. ಒಂದು ದೇಶ ಕೊಟ್ಟ ದತ್ತಕವನ್ನು ಇನ್ನೊಂದು ದೇಶದ ವೀಸಾ ಕಚೇರಿ ಒಪ್ಪದಿದ್ದರೆ, ಸರ್ಕಾರ ಸರ್ಕಾರದೊಡನೆ ಮಾತಾಡಬೇಕು. ಆ ಭಾರವನ್ನು ಒಂದು ಕುಟುಂಬದ ಹೆಗಲಿಗೆ ಹೊರಿಸುವುದು ನ್ಯಾಯವಲ್ಲ.

ಈ ಉದ್ದ ದಾರಿ ನೋಡಿ ಬೇಸತ್ತವರು ಬಂಧುಗಳೊಳಗಿನ ದತ್ತಕಕ್ಕೆ ಹೊರಳುತ್ತಾರೆ. ಅಣ್ಣನ ಮಗುವನ್ನು ತಮ್ಮನ ಉಡಿಗೆ ಹಾಕುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ದತ್ತಪತ್ರ ಬರೆಸಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದರೆ ಮುಗಿಯಿತೆಂದು ಜನ ನಂಬಿದ್ದಾರೆ. ಊರೊಳಗಿನ ಮಟ್ಟಿಗೆ ಅದು ಸಾಕಾಗಬಹುದು. ಮಗು ಹೊರದೇಶಕ್ಕೆ ಹೋಗಬೇಕಾದರೆ ಕಾರಾದ ನಿರಾಕ್ಷೇಪಣಾ ಪತ್ರ ಬೇಕೇ ಬೇಕು. ಹಿಂದೂ ದತ್ತಕ ಕಾಯ್ದೆಯಡಿ ನಡೆದ ದತ್ತಕಗಳಿಗೂ ಆ ಪತ್ರ ಸಿಗುವಂತೆ 2021ರ ಸೆಪ್ಟೆಂಬರಿನಲ್ಲಿ ನಿಯಮ ತಿದ್ದಲಾಯಿತು. ನೂರಾರು ಮನೆಗಳ ಕಟ್ಟು ಬಿಡಿಸಬಲ್ಲ ಒಳ್ಳೆಯ ತಿದ್ದುಪಡಿ ಅದು. ಬಾಲನ್ಯಾಯ ಕಾಯ್ದೆಯಡಿ ಬಂಧುಗಳ ಮಗುವನ್ನು ಪಡೆಯುವಾಗ, ಮಗುವಿಗೆ ಐದು ವರ್ಷ ತುಂಬಿದ್ದರೆ ಅದರ ಒಪ್ಪಿಗೆಯೂ ಬೇಕೆಂಬ ನಿಯಮ ನನಗೆ ಇಡೀ ವ್ಯವಸ್ಥೆಯಲ್ಲೇ ಅತ್ಯಂತ ಬೆಲೆಯುಳ್ಳದ್ದು ಎನಿಸುತ್ತದೆ. ಬಡ ಅಣ್ಣ ಶ್ರೀಮಂತ ತಮ್ಮನಿಗೆ ಮಗುವನ್ನು ಕೊಡುವಾಗ ಪ್ರೀತಿಯ ಜೊತೆ ಋಣ, ಆಸ್ತಿ, ವೀಸಾ ಎಲ್ಲವೂ ಬೆರೆತಿರುತ್ತವೆ. “ನಿಮ್ಮ ಕಾಕಾನ ಮನಿಗೆ ಹೊಕ್ಕೀಯೇನು?” ಎಂದು ಎಲ್ಲರೆದುರು ನಿಲ್ಲಿಸಿ ಕೇಳಿದರೆ ಐದಾರು ವರ್ಷದ ಕೂಸು ತಲೆಯಾಡಿಸದೆ ಏನು ಮಾಡೀತು? ಆ ಪ್ರಶ್ನೆಯನ್ನು ಹೆತ್ತವರಿಲ್ಲದ ಕಡೆ, ಮಕ್ಕಳೊಡನೆ ಮಾತಾಡಬಲ್ಲ ಸಮಾಜ ಕಾರ್ಯಕರ್ತೆ ಒಂದಕ್ಕಿಂತ ಹೆಚ್ಚು ಸಲ ಕೇಳಬೇಕು. ಈ ಭಾಗಕ್ಕೆ ಅವಸರ ಸಲ್ಲದು.

ಹೀಗೆ ಅವಸರ ಮಾಡಬಾರದ ಕಡೆ ಅವಸರ, ತಡಮಾಡಬಾರದ ಕಡೆ ತಡ. 2022ರ ಸೆಪ್ಟೆಂಬರ್ 1ರಿಂದ ದತ್ತಕದ ಆದೇಶ ಕೊಡುವ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾಧಿಕಾರಿಗಳಿಗೆ ಬಂದಿದೆ. ಎರಡು ತಿಂಗಳೊಳಗೆ ಇತ್ಯರ್ಥ ಮಾಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಬದಲಾವಣೆ ವೇಗಕ್ಕಾಗಿ ಆದದ್ದು, ಅದು ಸ್ವಾಗತಾರ್ಹ. ಆದರೆ ಪ್ರವಾಹ, ಚುನಾವಣೆ, ಬೆಳೆಹಾನಿ ಎಲ್ಲವೂ ಬಂದು ಬೀಳುವ ಅದೇ ಮೇಜಿನ ಮೇಲೆ ಒಂದು ಮಗುವಿನ ಕಡತವೂ ಕೂತಿರುತ್ತದೆ. ಅದನ್ನು ಮೇಲೆ ಎತ್ತಿ ಹಿಡಿಯುವ ಒಬ್ಬ ನಿಗದಿತ ಅಧಿಕಾರಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಇರಲೇಬೇಕು.

ಇನ್ನು ನಾವೇ ಉತ್ತರ ಕೊಡಬೇಕಾದ ಪ್ರಶ್ನೆಗೆ ಬರೋಣ. ದೇಶದಲ್ಲಿ ದತ್ತಕಕ್ಕೆ ಕಾದಿರುವ ಕುಟುಂಬಗಳು 30 ಸಾವಿರಕ್ಕೂ ಹೆಚ್ಚು. ದತ್ತುಮುಕ್ತ ಮಕ್ಕಳು ಅದರ ಹತ್ತನೇ ಒಂದು ಪಾಲೂ ಇಲ್ಲ. ಆದರೂ ಆ ಕೆಲವೇ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಮನೆ ಸಿಗುವುದಿಲ್ಲ. ಕಾರಣ, ನಾವು ಕೇಳುವುದು ಎರಡು ವರ್ಷದೊಳಗಿನ, ಯಾವ ಕೊರತೆಯೂ ಇಲ್ಲದ ಕೂಸು. ಕಿವಿ ಕೇಳದ ಮಗು, ಹೃದಯದ ತೊಂದರೆ ಇರುವ ಮಗು, ಎಂಟು ವರ್ಷದ ಹುಡುಗ ನಮ್ಮ ಪಟ್ಟಿಯಲ್ಲಿ ಬರುವುದೇ ಇಲ್ಲ. ಹೊರದೇಶದ ದಂಪತಿಗಳ ಮಡಿಲು ಸೇರುವವರಲ್ಲಿ ಹೆಚ್ಚಿನವರು ಇಂಥ ಮಕ್ಕಳೇ. ಕಡಲಾಚೆಯ ಅಪರಿಚಿತರು ಎತ್ತಿಕೊಳ್ಳುವ ಮಗುವನ್ನು ನಾವು ದಾಟಿ ಹೋಗುತ್ತಿದ್ದೇವೆ. ಅದರ ಮೇಲೆ “ಯಾವ ಜಾತಿ ಕೂಸು?” ಎಂಬ ಪ್ರಶ್ನೆ ಬೇರೆ. ದತ್ತಕದ ನಿಯಮದಲ್ಲಿ ಜಾತಿ ಆರಿಸಿಕೊಳ್ಳುವ ಅವಕಾಶವಿಲ್ಲ, ಅದು ಸರಿಯೇ. ಕುಲದ ಹಮ್ಮನ್ನೇ ಪ್ರಶ್ನಿಸಿದ ಕನಕದಾಸರ ಕಾಗಿನೆಲೆ ಬ್ಯಾಡಗಿ ತಾಲ್ಲೂಕಿನಲ್ಲೇ ಇದೆ. ಆ ನೆಲದಲ್ಲಿ ನಿಂತು ತೊಟ್ಟಿಲ ಮಗುವಿನ ಕುಲ ಕೇಳುವವರಿಗೆ ದತ್ತಕದ ಅರ್ಹತೆ ಇಲ್ಲವೆಂದೇ ನನ್ನ ಅಭಿಪ್ರಾಯ.

ಒಟ್ಟಿನಲ್ಲಿ ನನ್ನ ತೀರ್ಮಾನ ಇಷ್ಟು. ಮಗುವಿನ ಹಿತ ಮೊದಲು ಎಂಬ ತತ್ವದಲ್ಲಿ ಈ ಕ್ರಮ ಗೆದ್ದಿದೆ; ಕಾಯುವವರನ್ನು ನಡೆಸಿಕೊಳ್ಳುವ ಬಗೆಯಲ್ಲಿ ಸೋತಿದೆ. ಸರಿಪಡಿಸಲು ದೊಡ್ಡ ಹಣವೇನೂ ಬೇಡ. ಬೇಕಾದ ಕಾಗದಗಳ ಪಟ್ಟಿ ಕನ್ನಡದಲ್ಲಿ, ಒಂದೇ ಸಲಕ್ಕೆ, ಸ್ಪಷ್ಟವಾಗಿ ಸಿಗಲಿ. ಮೂರು ತಿಂಗಳಿಗೊಮ್ಮೆ ಕಡತ ಎಲ್ಲಿದೆ, ಏಕೆ ನಿಂತಿದೆ ಎಂದು ಬರಹದಲ್ಲಿ ತಿಳಿಸಲಿ. ಮನೆಯ ಕಷ್ಟ ಹೇಳಿಕೊಂಡವರನ್ನು ಸಾಲಿನಿಂದ ತೆಗೆಯುವುದಿಲ್ಲ ಎಂಬ ಭರವಸೆ ಸಿಗಲಿ. ಕೆಲಸದ ವೀಸಾದ ಮೇಲಿರುವ ಕುಟುಂಬಗಳ ಮಕ್ಕಳಿಗಾಗಿ ಕೇಂದ್ರ ಸರ್ಕಾರ ಅಮೆರಿಕದೊಡನೆ ಮಾತಾಡಲಿ.

ಕಾಯುತ್ತಿರುವವರಿಗೂ ಒಂದು ಮಾತು. ಬೇಸತ್ತು ಆಸ್ಪತ್ರೆಯ ಹಿಂಬಾಗಿಲಿನಿಂದಲೋ ದಲ್ಲಾಳಿಯಿಂದಲೋ ಕೂಸು ತರಬೇಡಿ. ಕ್ರಮ ತಪ್ಪಿ ದತ್ತು ಪಡೆದವರಿಗೆ ಮೂರು ವರ್ಷದವರೆಗೆ, ಮಗುವನ್ನು ಮಾರಿದವರಿಗೂ ಕೊಂಡವರಿಗೂ ಐದು ವರ್ಷದವರೆಗೆ ಸೆರೆಮನೆವಾಸವಿದೆ. ಅದಕ್ಕಿಂತ ಮುಖ್ಯವಾಗಿ, ಆ ಮಗು ಮುಂದೆ ತನ್ನ ಹುಟ್ಟಿನ ಗುರುತು ಕೇಳಿದಾಗ ತೋರಿಸಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ನಿಮ್ಮ ಅರ್ಜಿಯನ್ನು ಮತ್ತೊಮ್ಮೆ ತೆರೆದು, ವಯಸ್ಸು ಮತ್ತು ಆರೋಗ್ಯದ ಕಾಲಂನಲ್ಲಿ ಏನು ತುಂಬಿದ್ದೀರಿ ಎಂದು ಗಂಡ-ಹೆಂಡತಿ ಕೂತು ಓದಿ. ನಿಮ್ಮ ಕೈಲಾಗುವಷ್ಟು ಅದನ್ನು ವಿಸ್ತರಿಸಿ.