‘ನಂಬುತ್ತೇನೆ’ ಎಂಬ ಕ್ರಿಯಾಪದ: ಕ್ರೈಸ್ತ ವಿಶ್ವಾಸಪ್ರಮಾಣದ ಭಾಷೆ, ಗಣಪತಿಯಿಂದ ಒಂದು ಓದು

[ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತಿನ ಬರಹರೂಪ. ಪುನರುಕ್ತಿಗಳನ್ನು ತೆಗೆದು, ಮಾತಿನ ಧಾಟಿಯನ್ನು ಆದಷ್ಟೂ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಚರ್ಚೆಯ ಆಯ್ದ ಭಾಗವಿದೆ.]

ಧ್ವನಿ ಕೇಳಿಸ್ತಾ ಇದೆ ಅಂದ್ಕೊಳ್ತೀನಿ. ಇಲ್ಲಿ ಸತ್ತಿ ರಸ್ತೆಯ ಬಸ್ಸುಗಳ ಸದ್ದು ಮಧ್ಯೆ ಮಧ್ಯೆ ಬರಬಹುದು, ದಯವಿಟ್ಟು ಸಹಿಸಿಕೊಳ್ಳಿ.

ಕ್ರಿ.ಶ. 325ರಲ್ಲಿ ನೈಸಿಯಾದಲ್ಲಿ ಸೇರಿದ ಸಭೆಗೆ 2025ಕ್ಕೆ 1700 ವರ್ಷ ತುಂಬಿತು. ಆ ನೆಪದಲ್ಲಿ ಕ್ರೈಸ್ತ ವಿಶ್ವಾಸದ ಮೂಲ ತತ್ವಗಳ ಬಗ್ಗೆ ಮಾತು ಸಾಕಷ್ಟು ನಡೆದಿದೆ. ತತ್ವಗಳು ನಿಮಗೆ ಗೊತ್ತಿರುವಂಥವೇ: ದೇವರು ಒಬ್ಬನೇ, ಆದರೆ ತಂದೆ, ಮಗ, ಪವಿತ್ರಾತ್ಮ ಎಂಬ ಮೂರು ವ್ಯಕ್ತಿಗಳು, ಮಗ ಮನುಷ್ಯನಾಗಿ ಹುಟ್ಟಿದ, ಶಿಲುಬೆಯಲ್ಲಿ ಸತ್ತ, ಮೂರನೇ ದಿನ ಎದ್ದ, ಮತ್ತೆ ಬರುತ್ತಾನೆ, ಸಭೆ, ಪಾಪಕ್ಷಮೆ, ದೇಹದ ಪುನರುತ್ಥಾನ, ನಿತ್ಯಜೀವ. ಇವುಗಳ ದೇವಶಾಸ್ತ್ರವನ್ನು ವಿವರಿಸೋದು ನನ್ನ ಕೆಲಸ ಅಲ್ಲ. ನಾನು ಕೇಳೋದು ಒಬ್ಬ ಸಾಹಿತ್ಯ ವಿದ್ಯಾರ್ಥಿ ಕೇಳುವ ಪ್ರಶ್ನೆ. ಇವನ್ನು ಹೇಳುವ ವಾಕ್ಯಗಳು ನಮ್ಮ ಭಾಷೆಯಲ್ಲಿ ಏನು ಮಾಡುತ್ತವೆ? ಕನ್ನಡದ ಕಿವಿಗೆ ಅವು ಹೇಗೆ ಕೇಳಿಸುತ್ತವೆ?

ಈ ಪ್ರಶ್ನೆಗೆ ಗಣಪತಿ ಒಳ್ಳೆಯ ಜಾಗ. ಕೊಯಮತ್ತೂರಿನ ಸುತ್ತ ದೇವಾಂಗರು, ಒಕ್ಕಲಿಗರು ಮುಂತಾದ ಕನ್ನಡ ಮನೆಗಳು ತಲೆಮಾರುಗಳಿಂದ ಇವೆ. ಮನೆಯಲ್ಲಿ ಕನ್ನಡ, ಓದು ಬರಹವೆಲ್ಲ ತಮಿಳು. ಇವರಲ್ಲಿ ಕ್ರೈಸ್ತರು ಬಹಳ ಕಡಿಮೆ, ಅದನ್ನು ಮೊದಲೇ ಒಪ್ಪಿಕೊಳ್ತೀನಿ. ಆದರೆ ಪಕ್ಕದ ಮನೆಯ ಮದುವೆ, ಸಾವು, ಕ್ರಿಸ್‌ಮಸ್ ಅಂತ ಹೋದಾಗ ಕ್ರೈಸ್ತ ವಿಶ್ವಾಸಪ್ರಮಾಣ ಅವರ ಕಿವಿಗೂ ಬೀಳುತ್ತೆ, ತಮಿಳಿನಲ್ಲಿ. ಕನ್ನಡದ ಕಿವಿ, ತಮಿಳಿನ ಪಾಠ. ಹಾಗೆ ಕೇಳಿದಾಗ ಎರಡೂ ಭಾಷೆಗಳ ಆಯ್ಕೆಗಳು ಎದ್ದು ಕಾಣುತ್ತವೆ.

ಹಿನ್ನೆಲೆ ಚುಟುಕಾಗಿ. ನಮ್ಮ ಮನೆ ಮುಂದಿನ ರಸ್ತೆಯೇ ಸತ್ಯಮಂಗಲಕ್ಕೆ ಹೋಗಿ, ದಿಂಬಂ ಘಾಟಿ ಹತ್ತಿ, ಚಾಮರಾಜನಗರ ಸೇರುತ್ತೆ. 17ನೇ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಶುರುಮಾಡಿದ ಮೈಸೂರು ಮಿಷನ್ನಿಗೆ ಸತ್ಯಮಂಗಲ ಸೀಮೆಯೂ ಸೇರಿತ್ತು. ಆತ ಮಧುರೆಯ ರಾಬರ್ಟ್ ಡಿ ನೋಬಿಲಿಯ ದಾರಿ ಹಿಡಿದವನು, ಸನ್ಯಾಸಿಯ ಉಡುಗೆ ತೊಟ್ಟವನು. ಪ್ರೊಟೆಸ್ಟೆಂಟರ ಕಡೆ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದ. ಅವನ ಪೂರ್ಣ ಕನ್ನಡ ಬೈಬಲ್ 1831ರ ಹೊತ್ತಿಗೆ ಮುಗಿಯಿತು. ಅದೇ ಲಂಡನ್ ಮಿಷನ್ 1830ರಲ್ಲಿ ಕೊಯಮತ್ತೂರಿನಲ್ಲೂ ಕೆಲಸ ಆರಂಭಿಸಿತು, ಇಲ್ಲಿ ತಮಿಳಿನಲ್ಲಿ. ಒಂದೇ ಸಂಸ್ಥೆ, ಹತ್ತಿರ ಹತ್ತಿರದ ವರ್ಷಗಳು, ಎರಡು ಭಾಷೆ.

ಈಗ ಮೊದಲ ಪದಕ್ಕೆ ಬರೋಣ. ಪ್ರಮಾಣ ಶುರುವಾಗೋದೇ ‘ನಂಬುತ್ತೇನೆ’ ಅನ್ನುವ ಕ್ರಿಯೆಯಿಂದ. ಕನ್ನಡದಲ್ಲಿ ಪ್ರೊಟೆಸ್ಟೆಂಟರು ‘ನಂಬುತ್ತೇನೆ’ ಅಂತಾರೆ, ಕ್ಯಾಥೋಲಿಕರು ‘ವಿಶ್ವಾಸಿಸುತ್ತೇನೆ’ ಅಂತಾರೆ. ತಮಿಳಿನಲ್ಲಿ ಇದು ಸರಿಯಾಗಿ ತಿರುಗುಮುರುಗು! ಪ್ರೊಟೆಸ್ಟೆಂಟರದು ‘ವಿಸುವಾಸಿಕ್ಕಿರೇನ್’, ಇವತ್ತಿನ ಕ್ಯಾಥೋಲಿಕರದು ‘ನಂಬುಗಿರೇನ್’. ಅಂದ್ರೆ ಈ ಪದ ಆ ಪಂಥದ ತತ್ವಕ್ಕೇ ಅಂಟಿಕೊಂಡದ್ದು ಅಂತ ಹೇಳೋ ಹಾಗಿಲ್ಲ. ಬೆಂಗಳೂರಿನಲ್ಲಿ ಕೂತು ‘ನಂಬಿಕೆ ಅನ್ನೋದು ಲೂಥರನ ಪದ, ವಿಶ್ವಾಸ ಅನ್ನೋದು ರೋಮಿನ ಪದ’ ಅಂತ ಸಿದ್ಧಾಂತ ಕಟ್ಟಿದರೆ, ಘಾಟಿ ಇಳಿಯೋದ್ರೊಳಗೆ ಅದು ಬಿದ್ದುಹೋಗುತ್ತೆ.

ಆದರೆ ಪದಗಳಿಗೆ ತಮ್ಮದೇ ಬಾಳು ಇದೆಯಲ್ಲ. ಕನ್ನಡದಲ್ಲಿ ‘ವಿಶ್ವಾಸ’ ಅಂದ್ರೆ ಸ್ನೇಹ, ಅಕ್ಕರೆ. ‘ಅವರೂ ನಾವೂ ತುಂಬ ವಿಶ್ವಾಸ’ ಅಂತೀವಿ. ಕಾಗದದ ಕೊನೆಯಲ್ಲಿ ‘ಇಂತಿ ನಿಮ್ಮ ವಿಶ್ವಾಸಿ’ ಅಂತ ಬರೀತೀವಿ. ತಮಿಳಿನಲ್ಲಿ ‘ವಿಸುವಾಸಂ’ ಅಂದರೆ ನಿಷ್ಠೆ. ಉಂಡ ಮನೆಗೆ ನಾಯಿ ತೋರಿಸುವ ನಿಯತ್ತು. ‘ನಂಬಿಕೆ’ ಅಂದ್ರೆ ಭಾರ ಹಾಕೋದು. ಸೇತುವೆ ಮೇಲೆ ಕಾಲಿಟ್ಟ ಹಾಗೆ. ಇನ್ನೊಂದು ಸ್ವಾರಸ್ಯ: ಲ್ಯಾಟಿನ್ನಿನ ‘ಕ್ರೇದೊ’ ಮತ್ತು ಸಂಸ್ಕೃತದ ‘ಶ್ರದ್ಧಾ’ ಒಂದೇ ಬೇರಿನವು. ಭಾಷಾಶಾಸ್ತ್ರದ ಪ್ರಕಾರ ಅತ್ಯಂತ ನೇರವಾದ ಪದ ನಮ್ಮ ಮನೆಯಲ್ಲೇ ಇತ್ತು. ಆದರೆ ‘ಶ್ರದ್ಧೆಯಿಂದ ಓದು’ ಅಂತ ಮಕ್ಕಳಿಗೆ ಹೇಳೋ ಕನ್ನಡದಲ್ಲಿ ಅದು ಮುತುವರ್ಜಿಯ ಪದ ಆಗಿಬಿಟ್ಟಿದೆ. ಅದು ಪ್ರಮಾಣದ ಕ್ರಿಯಾಪದ ಆಗದೇ ಇದ್ದದ್ದು ಒಳ್ಳೆಯದೇ. ಬೇರು ಒಂದೇ ಆದರೆ ಹಣ್ಣೂ ಒಂದೇ ಆಗಬೇಕಿಲ್ಲ.

ಕ್ರಿಯಾಪದಕ್ಕಿಂತ ಮುಖ್ಯವಾದದ್ದು ವಿಭಕ್ತಿ. ನನ್ನ ಪ್ರಬಂಧದ ತಿರುಳು ಇದು. ಲ್ಯಾಟಿನ್ನಿನ ಅಪೊಸ್ತಲರ ಪ್ರಮಾಣದಲ್ಲಿ ತಂದೆ, ಮಗ, ಪವಿತ್ರಾತ್ಮರ ಹೆಸರಿನ ಮುಂದೆ ‘ಇನ್’ ಎಂಬ ಉಪಸರ್ಗ ಬರುತ್ತೆ. ಸಭೆಯ ಮುಂದೆ ಬರೋದಿಲ್ಲ. ಸುಮಾರು 404ರಲ್ಲಿ ಅಕ್ವಿಲೇಯಾದ ರುಫೀನಸ್ ಇದನ್ನು ಗಮನಿಸಿ, ಈ ಒಂದು ಚಿಕ್ಕ ಅಕ್ಷರಪುಂಜ ಸೃಷ್ಟಿಕರ್ತನನ್ನು ಸೃಷ್ಟಿಯಿಂದ ಬೇರ್ಪಡಿಸುತ್ತೆ ಎಂಬರ್ಥದ ಮಾತು ಬರೆದ. 1992ರ ಕ್ಯಾಥೋಲಿಕ್ ಧರ್ಮೋಪದೇಶ ಗ್ರಂಥವೂ ಇದೇ ಭೇದವನ್ನು ಎತ್ತಿ ಹೇಳುತ್ತೆ. ಅಂದ್ರೆ ಭರವಸೆ ಇಡೋದು ದೇವರಲ್ಲಿ ಮಾತ್ರ. ಸಭೆ ಇದೆ, ಅದು ದೇವರ ಕೆಲಸ ಅಂತ ಒಪ್ಪಿಕೊಳ್ಳೋದು ಬೇರೆ ಮಾತು.

ಇದನ್ನು ದ್ರಾವಿಡ ಭಾಷೆಗೆ ತರೋದು ಹೇಗೆ? ನಮ್ಮಲ್ಲಿ ‘ಇನ್’ ಇಲ್ಲ. ತಮಿಳು ಪ್ರೊಟೆಸ್ಟೆಂಟ್ ಪಾಠ ಇಲ್ಲಿ ಬಹಳ ಜಾಣತನ ತೋರಿಸುತ್ತೆ. ದೇವರಿಗೆ ದ್ವಿತೀಯಾ ವಿಭಕ್ತಿ ಹಾಕಿ ‘ವಿಸುವಾಸಿಕ್ಕಿರೇನ್’ ಅನ್ನುತ್ತೆ. ಆಮೇಲೆ ಸಭೆ, ಪಾಪಮನ್ನಿಪು, ನಿತ್ಯಜೀವ ಇವೆಲ್ಲ ಬಂದಾಗ ವಾಕ್ಯವನ್ನೇ ಬದಲಿಸಿ ‘ಉಂಡೆಂಡ್ರು’ ಅಂತ ಸೇರಿಸುತ್ತೆ. ‘ಉಂಟೆಂದು’ ನಂಬುತ್ತೇನೆ. ಇದು ಮೂಲದಲ್ಲಿ ಇಲ್ಲದ ಪದ. ಆದರೆ ಮೂಲದ ಭೇದವನ್ನು ಇಷ್ಟು ಚೆನ್ನಾಗಿ ಉಳಿಸೋಕೆ ಬೇರೆ ದಾರಿ ಇರಲಿಲ್ಲ. ಕನ್ನಡದಲ್ಲೂ ಎರಡು ರಚನೆ ನಮಗೆ ಸಹಜ: ‘ಅವನನ್ನು ನಂಬುತ್ತೇನೆ’, ‘ಅದು ಉಂಟೆಂದು ನಂಬುತ್ತೇನೆ’. ಸಾಲ ಕೊಡುವವರಿಗೆ ಈ ಎರಡರ ವ್ಯತ್ಯಾಸ ಚೆನ್ನಾಗಿ ಗೊತ್ತು. ‘ಅವನ ಹತ್ರ ದುಡ್ಡಿದೆ ಅಂತ ನಂಬ್ತೀನಿ, ಆದ್ರೆ ಅವನನ್ನ ನಂಬಲ್ಲ!’

ಇದು ಬರೀ ವ್ಯಾಕರಣದ ಚರ್ಚೆ ಅಂತ ಅನ್ನಿಸಬಹುದು. ಅಲ್ಲ. ಜಾತಿಯ ತಾರತಮ್ಯ ಚರ್ಚಿನೊಳಗೂ ಇದೆ ಅಂತ ಭಾರತದ ಕ್ಯಾಥೋಲಿಕ್ ಬಿಷಪರ ಸಮ್ಮೇಳನವೇ 2016ರಲ್ಲಿ ಹೊರತಂದ ದಲಿತ ಸಬಲೀಕರಣ ನೀತಿಯಲ್ಲಿ ಒಪ್ಪಿಕೊಂಡಿದೆ. ಸ್ಮಶಾನದಲ್ಲಿ ಗೋಡೆ ಕಂಡವರು, ಬೆಂಚಿನಲ್ಲಿ ಜಾಗ ಸಿಗದವರು ಭಾನುವಾರ ಎದ್ದು ನಿಂತು ಪ್ರಮಾಣ ಹೇಳ್ತಾರೆ. ಇನ್ನೊಂದು ಕಡೆ, 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಅವರಿಗೆ ಪರಿಶಿಷ್ಟ ಜಾತಿಯ ಸೌಲಭ್ಯವೂ ಇಲ್ಲ. ಅಂಥವರ ಬಾಯಿಂದ ‘ಸಭೆಯನ್ನು ನಂಬುತ್ತೇನೆ’ ಅನ್ನಿಸೋದಕ್ಕೂ, ‘ಸಭೆ ಉಂಟೆಂದು ನಂಬುತ್ತೇನೆ’ ಅನ್ನಿಸೋದಕ್ಕೂ ಅಜಗಜಾಂತರ ಇದೆ. ಮೊದಲನೆಯದು ಸಂಸ್ಥೆಗೆ ಶರಣಾಗತಿ. ಎರಡನೆಯದು, ‘ನನಗೆ ಅನ್ಯಾಯ ಮಾಡಿದ ಈ ಕಟ್ಟಡದ ಆಚೆಗೂ ದೇವರು ಕೂಡಿಸಿದ ಒಂದು ಜನ ಉಂಟು’ ಅನ್ನುವ ಹಕ್ಕಿನ ಮಾತು. ಒಂದು ‘ಎಂದು’ ಎಷ್ಟು ಕೆಲಸ ಮಾಡುತ್ತೆ ನೋಡಿ.

ಎರಡನೇ ಪದ ‘ಪಾಪ’. ಕೆಲವು ವರ್ಷಗಳ ಹಿಂದೆ ಇಲ್ಲಿ ಒಂದು ಸಾವಿನ ಮನೆಯ ಪ್ರಾರ್ಥನೆಗೆ ಹೋಗಿದ್ದೆ. ಬೋಧಕರು ತಮಿಳಿನಲ್ಲಿ, ನಾವೆಲ್ಲರೂ ಪಾಪಿಗಳು ಅಂತ ಗಟ್ಟಿಯಾಗಿ ಹೇಳ್ತಾ ಇದ್ರು. ನನ್ನ ಪಕ್ಕದಲ್ಲಿ ಕೂತಿದ್ದ ಕನ್ನಡದ ಅಜ್ಜಿ, ಅಳುತ್ತಿದ್ದ ಹುಡುಗಿಯ ಕಡೆ ನೋಡಿ ‘ಪಾಪ, ಚಿಕ್ಕ ವಯಸ್ಸು’ ಅಂದ್ರು. ಒಂದೇ ನಿಮಿಷದಲ್ಲಿ ಒಂದೇ ಪದ ಎರಡು ದಿಕ್ಕಿನಿಂದ ಬಂತು. ಒಂದು ತಪ್ಪು ಹೊರಿಸಿತು, ಇನ್ನೊಂದು ಕನಿಕರ ಪಟ್ಟಿತು. ತಮಿಳಿನ ‘ಪಾವಂ’ ಕೂಡ ಹೀಗೇನೇ. ಗ್ರೀಕಿನ ‘ಹಮಾರ್ತಿಯಾ’ಕ್ಕೆ ಗುರಿ ತಪ್ಪಿದ್ದು ಅನ್ನುವ ಛಾಯೆ ಇದೆ, ಕನಿಕರದ ಛಾಯೆ ಇಲ್ಲ. ಭಾಷಾಂತರಕಾರರು ‘ಪಾಪ’ವನ್ನು ಆರಿಸಿದ್ದು ಪುಣ್ಯಪಾಪದ ಲೆಕ್ಕದ ಅರ್ಥದಲ್ಲಿ, ಆ ಲೆಕ್ಕವನ್ನು ಕ್ರೈಸ್ತ ತತ್ವ ಒಪ್ಪದೇ ಇದ್ದರೂ. ಆದರೆ ಅವರು ಆರಿಸದ ಅರ್ಥವೇ ತತ್ವಕ್ಕೆ ಹೆಚ್ಚು ಹತ್ತಿರ ಅಂತ ನನಗೆ ತೋರುತ್ತೆ. ಮನುಷ್ಯ ತಪ್ಪಿತಸ್ಥನೂ ಹೌದು, ಕನಿಕರಕ್ಕೆ ಪಾತ್ರನೂ ಹೌದು ಎಂಬುದೇ ಪಾಪಕ್ಷಮೆಯ ಸಾರ ತಾನೆ? ಉಪದೇಶಗಳಲ್ಲಿ ಮೊದಲ ಅರ್ಥ ಮಾತ್ರ ಗುಡುಗುತ್ತೆ. ಅಜ್ಜಿಯ ಅರ್ಥವನ್ನು ಪುಲ್ಪಿಟ್ಟಿಗೆ ಯಾರೂ ಹತ್ತಿಸಿಲ್ಲ.

ಮೂರನೆಯದು ‘ಬಲಿ’, ‘ಯಜ್ಞ’. ಇಲ್ಲಿ ನಾನು ಫರ್ಡಿನಾಂಡ್ ಕಿಟೆಲ್ ಜೊತೆ ಸ್ವಲ್ಪ ಜಗಳ ಆಡಬೇಕು. 1853ರಲ್ಲಿ ಬಂದ ಕಿಟೆಲ್, 1894ರ ನಿಘಂಟಿನಿಂದ ನಮಗೆಲ್ಲ ಪೂಜ್ಯರು. ಅದಕ್ಕೂ ಮೊದಲು, 1862ರಲ್ಲಿ, ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಕಟ್ಟಿದರು. 1872ರಲ್ಲಿ ‘ಯಜ್ಞಸುಧಾನಿಧಿ’ ಬರೆದು, ವೈದಿಕ ಯಜ್ಞದ ಹಿನ್ನೆಲೆಯಲ್ಲಿ ಕ್ರಿಸ್ತನ ಮರಣವನ್ನು ವಿವರಿಸಲು ಹೊರಟರು. ಕಥಾಮಾಲೆಯ ಯೋಚನೆ ದೊಡ್ಡದು. ಹಾಡಿಕೊಳ್ಳುವ ಜನಕ್ಕೆ ಹಾಡುವ ರೂಪದಲ್ಲೇ ಕೊಡಬೇಕು ಅಂದುಕೊಂಡರು. ಯಜ್ಞದ ದಾರಿ ಮಾತ್ರ ನನಗೆ ತಕರಾರು. ಮೊದಲನೆಯದಾಗಿ, ಯಜ್ಞ ಅನ್ನೋದು ಬಹುಪಾಲು ಜನರನ್ನು ಹೊರಗೆ ನಿಲ್ಲಿಸಿದ ಕ್ರಿಯೆ. ಎರಡನೆಯದಾಗಿ, ಯಜ್ಞವಾಗಲಿ, ಮಾರಮ್ಮನ ಬಲಿಯಾಗಲಿ, ಕೊಡೋದು ಮನುಷ್ಯ, ತಗೊಳ್ಳೋದು ದೈವ. ಕ್ರೈಸ್ತ ತತ್ವದಲ್ಲಿ ದಿಕ್ಕು ತಿರುಗುತ್ತೆ: ಕೊಡುವವನೇ ದೇವರು. ಪದ ಒಂದು ಕಡೆ ಎಳೆಯುತ್ತೆ, ತತ್ವ ಇನ್ನೊಂದು ಕಡೆ. ಪ್ರತಿ ಸಲವೂ ವಿವರಣೆ ಕೊಟ್ಟು ಪದವನ್ನು ವಾಪಸ್ ತಿರುಗಿಸಬೇಕಾಗುತ್ತೆ. ಮೂರನೆಯದು, ಅಪೊಸ್ತಲರ ಪ್ರಮಾಣವಾಗಲಿ ನೈಸಿಯಾದ ಪ್ರಮಾಣವಾಗಲಿ ‘ಬಲಿ’ ಅನ್ನುವ ಪದವನ್ನು ಬಳಸೋದೇ ಇಲ್ಲ. ಮೊದಲನೆಯದು ಪಿಲಾತನ ಕಾಲದಲ್ಲಿ ಸತ್ತ ಅಂತ ಮಾತ್ರ ಹೇಳುತ್ತೆ. ಎರಡನೆಯದು ‘ನಮಗಾಗಿ’ ಅಂತ ಸೇರಿಸುತ್ತೆ. ‘ಅಪಘಾತಕ್ಕೆ ಇಬ್ಬರು ಬಲಿ’ ಅಂತ ಪೇಪರಿನಲ್ಲಿ ಓದುವ ನಮಗೆ ‘ನಮಗಾಗಿ’ ಅನ್ನುವ ಆ ಚತುರ್ಥಿಯೇ ಸಾಕಿತ್ತು.

ಕೊನೆಯದಾಗಿ ಸರ್ವನಾಮ. ಕನ್ನಡ ಪ್ರೊಟೆಸ್ಟೆಂಟರು ದೇವರಿಗೆ ‘ನೀನು’ ಅಂತಾರೆ, ಕ್ಯಾಥೋಲಿಕರು ‘ನೀವು’ ಅಂತಾರೆ. ತಮಿಳಿನ ಪ್ರಾರ್ಥನೆಗೆ ಎರಡರ ನಡುವಿನ ‘ಉಮದು’ ಎಂಬ ರೂಪ ಇದೆ. ನಮಗೆ ಆ ಮಧ್ಯದ ಮೆಟ್ಟಿಲು ಇಲ್ಲ. ದೇವರು ಮನುಷ್ಯನಾದ ಅನ್ನೋದು ನಿಜಕ್ಕೂ ಮೂಲ ತತ್ವ ಆದರೆ, ವಚನಕಾರರಿಂದ ದಾಸರವರೆಗೆ ದೇವರನ್ನು ಏಕವಚನದಲ್ಲಿ ಕರೆದ ಭಾಷೆಗೆ ‘ನೀನು’ ಅನ್ನೋದೇ ಸಹಜ ಅಂತ ನನ್ನ ಅಭಿಪ್ರಾಯ.

ಒಟ್ಟು ನನ್ನ ವಾದ ಇಷ್ಟು. ‘ಪಾದ್ರಿ ಕನ್ನಡ’ ಅಂತ ನಕ್ಕು ಪಕ್ಕಕ್ಕಿಡೋದೂ ತಪ್ಪು, ‘ತತ್ವ ಎಲ್ಲ ಭಾಷೆಯಲ್ಲೂ ಒಂದೇ’ ಅಂತ ಪದಗಳನ್ನು ನೋಡದೇ ಇರೋದೂ ತಪ್ಪು. ಈ ಪಾಠಗಳನ್ನು ಸಾಹಿತ್ಯ ಕೃತಿಗಳ ಹಾಗೆ, ವಿಭಕ್ತಿ ವಿಭಕ್ತಿಯಾಗಿ ಓದಬೇಕು.

ಚರ್ಚೆ

ಪ್ರಶ್ನೆ (ಒಬ್ಬ ಅಧ್ಯಾಪಕರು): ನೀವು ಲ್ಯಾಟಿನ್ ಪಾಠದ ಮೇಲೆ ಇಷ್ಟು ಭಾರ ಹಾಕಿದ್ರಿ. ಗ್ರೀಕಿನ ನೈಸಿಯಾ ಪ್ರಮಾಣದಲ್ಲಿ ಸಭೆಯ ಮುಂದೆಯೂ ಅದೇ ಉಪಸರ್ಗ ಇದೆಯಲ್ಲ?

ಉತ್ತರ: ಹೌದು ಸರ್, ಇದೆ. 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ವಿಸ್ತರಿಸಿದ ಪಾಠ ಅಂತ ನಾವು ಓದುವುದರಲ್ಲಿ ‘ಎಇಸ್’ ಸಭೆಗೂ ಬರುತ್ತೆ. ಹಾಗಾಗಿ ಈ ಭೇದ ಎಲ್ಲ ಕ್ರೈಸ್ತರ ಮೂಲ ಪಾಠದಲ್ಲೂ ಇದೆ ಅಂತ ನಾನು ಹೇಳಲ್ಲ. ಪಶ್ಚಿಮದ ಸಭೆ ಅದನ್ನು ಕಂಡುಕೊಂಡು ಮುಖ್ಯ ಅಂತ ಭಾವಿಸಿತು, ತಮಿಳು ಅದನ್ನು ತನ್ನ ವ್ಯಾಕರಣದಲ್ಲಿ ಉಳಿಸಿತು, ಅಷ್ಟೇ. ನಿಮ್ಮ ಮಾತಿನಿಂದ ನನ್ನ ವಾದ ಸಣ್ಣದಾಗುತ್ತೆ, ಬೀಳೋದಿಲ್ಲ ಅಂದ್ಕೊಳ್ತೀನಿ.

ಪ್ರಶ್ನೆ (ಒಬ್ಬ ವಿದ್ಯಾರ್ಥಿನಿ): ನಾನು ಕ್ಯಾಥೋಲಿಕ್ ಮನೆಯವಳು. ‘ನೀವು’ ಅನ್ನೋದ್ರಲ್ಲೂ ಪ್ರೀತಿ ಇರುತ್ತೆ. ನಮ್ಮ ಅಪ್ಪನಿಗೆ ನಾವು ‘ನೀವು’ ಅಂತಾನೇ ಅನ್ನೋದು. ಅದಕ್ಕೇನು ಹೇಳ್ತೀರಿ?

ಉತ್ತರ: ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ ಅಮ್ಮ. ನಾನು ವಚನಗಳನ್ನು ನೋಡಿ ಹೇಳಿದೆ, ನೀವು ಮನೆಯನ್ನು ನೋಡಿ ಹೇಳಿದ್ರಿ. ಪ್ರಾರ್ಥನೆ ಶುರುವಾಗೋದು ‘ತಂದೆ’ ಅಂತಲೇ ಅಲ್ವಾ. ಹಾಗಾಗಿ ನಿಮ್ಮ ಸಾಕ್ಷ್ಯಕ್ಕೆ ಇಲ್ಲಿ ಹೆಚ್ಚು ತೂಕ. ಆ ಭಾಗವನ್ನು ಬರೆಯುವಾಗ ಇದನ್ನೂ ಸೇರಿಸ್ತೀನಿ.